ಮೇಲೆ ಚೆಂದ, ಒಳಗೆ ಹಿಡಿದಿಲ್ಲ

ಐವತ್ತೈದು ದಾಟಿದ ಮೇಲೆ ವೆಲ್ಡಿಂಗ್ ಕಲಿಯಲು ಹೊರಟೆ ಅಂದರೆ ನಗಬೇಡಿ. ಮನೆಯಲ್ಲಿ ಆಗಲೇ ಸಾಕಷ್ಟು ನಕ್ಕಾಗಿದೆ.

ಬಿ.ಕಾಂ. ಮಾಡಿ, ಪುಣೆಯ ಬ್ಯಾಂಕೊಂದರಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಫೈಲು ನೋಡುತ್ತಲೇ ತಲೆ ಬೆಳ್ಳಗಾದವನು ನಾನು. ಭೋಸರಿಯಲ್ಲಿ ವಿಜಯಪುರ ಕಡೆಯವರೊಬ್ಬರ ಪುಟ್ಟ ಶೆಡ್ಡಿದೆ. ಕೆಲವು ವರ್ಷಗಳ ಹಿಂದೆ ಅವರು ಸಾಲ ಕೇಳಿ ಬಂದಾಗ, ದಪ್ಪ ಪ್ಲೇಟಿನ ಒಂದು ಮೀಟರ್ ಜೋಡಣೆಗೆ ಅರ್ಧ ದಿನವೇ, ಅಂದಾಜು ಜಾಸ್ತಿಯಾಯಿತು ಅಂತ ಷರಾ ಬರೆದು ಮೊತ್ತ ಕಡಿಮೆ ಮಾಡಿದವನೂ ನಾನೇ. ಅವರು ಜಗಳ ಆಡಲಿಲ್ಲ. "ಒಂದ್ಸಲ ಬಂದು ಕೈಯಾಗ ಹಿಡದ ನೋಡ್ರಿ ಸಾಹೇಬ್ರ" ಅಂದಿದ್ದರು. ಹೋದ ಮಳೆಗಾಲದಿಂದ ಭಾನುವಾರಗಳಂದು ಹೋಗತೊಡಗಿದೆ.

ಟಿಗ್ ವೆಲ್ಡಿಂಗಿಗೆ ಅಲ್ಲಿ ಎಲ್ಲರೂ ಆರ್ಗನ್ ಅಂತಲೇ ಅನ್ನುತ್ತಾರೆ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಫಿಲ್ಲರ್ ತಂತಿ. ಟಾರ್ಚಿನ ತುದಿಯ ಟಂಗ್‌ಸ್ಟನ್ ಕರಗಿದ ಉಕ್ಕಿಗೆ ತಾಗಬಾರದು, ತಾಗಿದರೆ ಮತ್ತೆ ಉಜ್ಜಿ ಚೂಪು ಮಾಡಬೇಕು. ಮೊದಲ ದಿನ ವೆಲ್ಡ್ ಮಾಡಿದ್ದಕ್ಕಿಂತ ಉಜ್ಜಿದ್ದೇ ಹೆಚ್ಚು! ಗಾಳಿ ಆಡಿದರೆ ಆರ್ಗನ್ ಚದುರಿ ವೆಲ್ಡಿನಲ್ಲಿ ತೂತು ಬೀಳುತ್ತದೆ, ಹಾಗಾಗಿ ಫ್ಯಾನೂ ಇಲ್ಲ.

12 ಮಿ.ಮೀ. ಪ್ಲೇಟನ್ನು ಒಂದೇ ಏಟಿಗೆ ಕೂಡಿಸಲಾಗದು. ಎರಡೂ ಅಂಚನ್ನು 30 ಡಿಗ್ರಿ ಓರೆಯಾಗಿ ತೇಯ್ದು, ಮೇಲಿನ ಕಪ್ಪು ಪದರ ತೆಗೆದು, ನಡುವೆ 2-3 ಮಿ.ಮೀ. ಸಂದು ಬಿಟ್ಟು, ತಳದಿಂದ ಒಂದೊಂದೇ ಪದರ ತುಂಬುತ್ತಾ ಬರಬೇಕು. ಸಾಮಾನ್ಯವಾಗಿ ತಳದ ಪದರಕ್ಕೆ ಮಾತ್ರ ಆರ್ಗನ್, ಮೇಲಿನದಕ್ಕೆ ರಾಡ್ ವೆಲ್ಡಿಂಗ್. ಕೈ ಪಳಗಲಿ ಅಂತ ನನ್ನಿಂದ ಎಲ್ಲವನ್ನೂ ಆರ್ಗನ್ನಿನಲ್ಲೇ ಮಾಡಿಸಿದರು. ನಾನೋ ಅವಸರದವನು. ದಪ್ಪ ಉಕ್ಕು ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಅಂಚು ಸರಿಯಾಗಿ ಕರಗುವ ಮೊದಲೇ ತಂತಿ ತುಂಬಿಸಿಬಿಟ್ಟೆ. ಮೇಲೆ ನೋಡಿದರೆ ಜಡೆ ಹೆಣೆದ ಹಾಗೆ ಸಾಲು. ಫೋಟೋ ಕೂಡ ತೆಗೆದುಕೊಂಡೆ.

ಅವರು ಮಾತಾಡದೆ ಅದರಿಂದ ಒಂದು ಪಟ್ಟಿ ಕತ್ತರಿಸಿ, ಪ್ರೆಸ್ಸಿನಲ್ಲಿಟ್ಟು, ತಳಭಾಗ ಹೊರಬಾಗುವಂತೆ ಬಗ್ಗಿಸಿದರು. ಟಕ್ ಅಂತ ಬಾಯಿ ಬಿಟ್ಟಿತು.

"ಮ್ಯಾಲೆ ಚಂದ ಐತ್ರಿ, ಒಳಗ ಹಿಡದಿಲ್ಲ. ಇದ ಪ್ರೆಶರ್ ಟ್ಯಾಂಕ್ ಆಗಿದ್ರ?"

ನನಗೆ ನನ್ನ ಷರಾ ನೆನಪಾಯಿತು. ಅದೂ ಮೇಲೆ ಚೆಂದವಾಗಿಯೇ ಇತ್ತು. ಆ ವರ್ಷ ಮೊತ್ತ ಸಾಲದೆ ಅವರು ಹೊರಗಡೆ ಬಡ್ಡಿಗೆ ತಂದಿದ್ದರಂತೆ. ಶೆಡ್ಡಿನ ಹುಡುಗ ಹಿಂದಿನ ವಾರವಷ್ಟೇ ಹೇಳಿದ್ದ. "ತಪ್ಪಾಯ್ತು" ಅಂದೆ. ಯಾವುದಕ್ಕೆ ಅಂತ ಅವರು ಕೇಳಲಿಲ್ಲ. "ಗ್ರೈಂಡರ್ ತಗೋರಿ, ಇನ್ನೊಂದು ಮಾಡೂಣು" ಅಂದರು.

ಒಂದು ಮೀಟರಿಗೆ ಅರ್ಧ ದಿನ ಅಂತ ಅವರು ಬರೆದಿದ್ದರಲ್ಲ? ನನಗೆ ಗೇಣುದ್ದಕ್ಕೇ ಎರಡು ಭಾನುವಾರ ಹಿಡಿಯಿತು. ಈ ಸಲ ಪಟ್ಟಿ ಬಗ್ಗಿತು, ಒಡೆಯಲಿಲ್ಲ. ಅದು ಶೆಡ್ಡಿನಲ್ಲೇ ಇದೆ. ಒಡೆದದ್ದನ್ನು ಕೇಳಿ ತಂದು ಆಫೀಸಿನ ಮೇಜಿನ ಮೇಲೆ, ಸಾಲದ ಫೈಲುಗಳ ಮೇಲೆ ಇಟ್ಟುಕೊಂಡಿದ್ದೇನೆ.