ಸಂತೆಯ ಲಾರಿ

ಬಂಕಾಪುರದವರಾದ ನಾವು ಮೊದಲು ಹೆಸರಾಗಿದ್ದು ಕೋಟೆಗೆ, ಅದರೊಳಗಿನ ನವಿಲುಗಳಿಗೆ. ಈಗ ಹೊರಗಿನವರು ನಮ್ಮೂರನ್ನು ಗುರುತಿಸುವುದು ಟೋಲ್ ನಾಕಾದಿಂದ. ಪುಣೆ-ಬೆಂಗಳೂರು ಹೆದ್ದಾರಿ ಅಗಲವಾದಾಗ ನಾವು ಸಂತೋಷಪಟ್ಟವರೇ. ಹುಬ್ಬಳ್ಳಿಯ ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಎಲ್ಲವೂ ಹತ್ತಿರವಾದವು. ಸಾವೂ ಹತ್ತಿರವಾಯಿತು.

2024ರ ಜೂನ್‌ನಲ್ಲಿ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡರು. ದೇವಿಯ ದರ್ಶನ ಮುಗಿಸಿ ಭದ್ರಾವತಿ ಕಡೆಯ ತಮ್ಮೂರಿಗೆ ಮರಳುತ್ತಿದ್ದವರು ಅವರು. ಏಳು ತಿಂಗಳು ಕಳೆಯುವುದರೊಳಗೆ, 2025ರ ಜನವರಿ 22ರಂದು, ಸರದಿ ನಮ್ಮ ನೆರೆಯ ಸವಣೂರಿನದಾಯಿತು. ಕುಮಟಾದ ಬುಧವಾರದ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ನಸುಕಿಗೆ ಕಣಿವೆಗೆ ಉರುಳಿತು. 10 ಜನ ಸತ್ತರು.

ಅಂದು ಸವಣೂರಿನಲ್ಲಿ ಯಾರ ಮನೆಗೆ ಮೊದಲು ಹೋಗಬೇಕೆಂದು ತಿಳಿಯದೆ ನಿಂತಿದ್ದೆವು. ಹಿರಿಯರು 'ಅವರ ರಿಜ್ಕ್ ಅಷ್ಟೇ ಇತ್ತು' ಎಂದರು. ಅದು ಸಾಂತ್ವನದ ಮಾತು, ಹೆತ್ತವರಿಗೆ ಬೇಕಾದ ಮಾತು. ಆದರೆ ಅದನ್ನೇ ಸರಕಾರವೂ ತನ್ನ ಧಾಟಿಯಲ್ಲಿ ಹೇಳತೊಡಗಿದರೆ ನಾವು ಒಪ್ಪಲಾರೆವು. ಎದುರಿನ ವಾಹನಕ್ಕೆ ದಾರಿ ಬಿಡಲು ಹೋಗಿ ಚಾಲಕ ಎಡಕ್ಕೆ ಹೆಚ್ಚು ಸರಿದನಂತೆ. ಇರಬಹುದು. ಆ ಕಣಿವೆಯ ಕಡೆಗೆ ತಡೆಗೋಡೆ ಇರಲಿಲ್ಲವೆಂದು ಪೊಲೀಸರೇ ಹೇಳಿದ್ದರು. ಮೊಣಕಾಲೆತ್ತರದ ಒಂದು ಗೋಡೆ!

ಇನ್ನೊಂದು ಪ್ರಶ್ನೆ: ಸರಕಿನ ಮೇಲೆ ಮನುಷ್ಯರು ಏಕೆ ಕುಳಿತಿದ್ದರು? ಪಟ್ಟಣದ ಓದುಗರಿಗೆ ಇದು ಬರೀ ಕಾನೂನುಭಂಗವಾಗಿ ಕಾಣಬಹುದು. ಬೆಳಗಾಗುವ ಮೊದಲು ಘಟ್ಟ ಇಳಿದು ಸಂತೆಯಲ್ಲಿ ಜಾಗ ಹಿಡಿಯಬೇಕು; ಹಣ್ಣಿನ ಬುಟ್ಟಿಗಳೊಂದಿಗೆ ಹತ್ತಿಸಿಕೊಳ್ಳುವ ಬಸ್ಸು ಆ ಹೊತ್ತಿಗೆ ಎಲ್ಲಿದೆ? ಪ್ರತ್ಯೇಕ ಗಾಡಿ ಮಾಡಿದರೆ ದಿನದ ಲಾಭವೆಲ್ಲ ಬಾಡಿಗೆಗೇ. ಇಪ್ಪತ್ತೈದಕ್ಕೂ ಹೆಚ್ಚು ಜನ ಒಂದೇ ಲಾರಿ ಹತ್ತಿದ್ದು ಈ ಲೆಕ್ಕದಿಂದ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಂದು ನಿರ್ಧಾರ ಕೈಗೊಂಡಿತು. ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರೂ ತೀವ್ರವಾಗಿ ಗಾಯಗೊಳ್ಳಬಾರದು, ಇದೇ ಗುರಿ. ಮನುಷ್ಯ ತಪ್ಪುತ್ತಾನೆ, ಆ ತಪ್ಪಿಗೆ ಮರಣದಂಡನೆ ಸಲ್ಲದು, ಆದ್ದರಿಂದ ರಸ್ತೆ ಕಟ್ಟುವವನೂ ಹೊಣೆಗಾರ ಎಂಬುದು ಅದರ ತಿರುಳು. ಎದುರುಬದುರಿನ ವಾಹನಗಳ ನಡುವೆ ಉಕ್ಕಿನ ತಂತಿಯ ತಡೆ ಹಾಕಿದರು, ವೇಗ ಇಳಿಸಿದರು. ಅಲ್ಲಿನ ಸಾವುಗಳು ಅರ್ಧಕ್ಕಿಂತ ಕಡಿಮೆಯಾಗಿವೆ.

ನಮ್ಮಲ್ಲೂ ಕಾಗದಕ್ಕೆ ಕೊರತೆಯಿಲ್ಲ. 2010ರಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ಬಂತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಯಿತು. 2030ರ ಹೊತ್ತಿಗೆ ಸಾವನ್ನು ಅರ್ಧಕ್ಕಿಳಿಸಬೇಕೆಂದು 2020ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನ ಘೋಷಿಸಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅಂದರೆ ದಿನಕ್ಕೆ 460ಕ್ಕೂ ಹೆಚ್ಚು. ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿವೆ ಎಂದು ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲೇ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬಹುದು; ಮೆಚ್ಚಿ ಸುಮ್ಮನಿರಲು ಆಗದು.

ದೂರದೃಷ್ಟಿ ಎಂದು ದಿಲ್ಲಿ ಯಾವುದನ್ನು ಕರೆಯುತ್ತದೋ ಅದು ಹೆದ್ದಾರಿಯ ಅಗಲದಲ್ಲೇ ಮುಗಿಯಬಾರದು. ಸಂತೆಯ ದಿನಕ್ಕೆ ಸವಣೂರಿನಿಂದ ಬುಟ್ಟಿ ಸಮೇತ ವ್ಯಾಪಾರಿಗಳನ್ನು ಒಯ್ಯುವ ಒಂದು ಬಸ್ಸು, ಘಟ್ಟದ ತಿರುವುಗಳಿಗೆ ಗೋಡೆ, ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಕೂಡಲೇ ಎಳೆದೊಯ್ಯುವ ವ್ಯವಸ್ಥೆ. ಇಪ್ಪತ್ತು ವರ್ಷದ ಯೋಜನೆಯ ಮೊದಲ ಪುಟದಲ್ಲಿ ಇವನ್ನು ಬರೆದರೆ ಸಾಕು, ಉಳಿದ ಪುಟಗಳನ್ನು ನಾವು ನಿಧಾನವಾಗಿ ಓದಿಕೊಳ್ಳುತ್ತೇವೆ.