ಲಾರಿಯೊಳಗಿನ ಅಗ್ಗಿಷ್ಟಿಕೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೂ ಡೀಸೆಲ್ ಹೀಟರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2024ರ ಜನವರಿಯ ಒಂದು ರಾತ್ರಿಯವರೆಗೆ ಅಂಥದೊಂದು ಯಂತ್ರವಿದೆಯೆಂಬುದೇ ನನಗೆ ತಿಳಿದಿರಲಿಲ್ಲ.

ನನ್ನ ಅಣ್ಣ ಅಮೆರಿಕದಲ್ಲಿ ಲಾರಿ ಓಡಿಸುತ್ತಾನೆ. ಈ ಮಾತನ್ನು ಇಷ್ಟು ಸರಳವಾಗಿ ಬರೆಯಲು ನನಗೆ ಹಲವು ವರ್ಷಗಳೇ ಹಿಡಿದವು. ಸಹೋದ್ಯೋಗಿಗಳು ವಿಚಾರಿಸಿದಾಗಲೆಲ್ಲ ‘ಸಾರಿಗೆಯ ವ್ಯವಹಾರದಲ್ಲಿದ್ದಾನೆ’ ಎಂದು ಹೇಳಿ ಮಾತು ಮರೆಸುತ್ತಿದ್ದೆ. ತಂದೆಯವರು ತೀರಿಕೊಂಡಾಗ ಓದು ಬಿಟ್ಟು, ದಾವಣಗೆರೆಯಲ್ಲಿ ಲಾರಿಯ ಕ್ಲೀನರಾಗಿ ಸೇರಿ, ಮುಂದೆ ಡ್ರೈವರಾಗಿ, ನನ್ನನ್ನು ಎಂ.ಎ.ವರೆಗೆ ಓದಿಸಿದವನು ಅವನೇ. ಅತ್ತಿಗೆ ನರ್ಸು. ಆಕೆಗೆ ನೆಬ್ರಾಸ್ಕ ರಾಜ್ಯದ ಒಮಾಹ ನಗರದಲ್ಲಿ ಕೆಲಸ ದೊರೆತಾಗ ಇವನೂ ಹೊರಟುಹೋದ; ಅಲ್ಲಿಯೂ ಪರೀಕ್ಷೆ ಕಟ್ಟಿ ಸ್ಟಿಯರಿಂಗನ್ನೇ ಹಿಡಿದ.

ರಜೆಯಲ್ಲಿ ಹೋಗಿದ್ದ ನನ್ನನ್ನು ಅಣ್ಣ, ಕಂಪನಿಯಿಂದ ಲಿಖಿತ ಅನುಮತಿ ಪಡೆದು, ಸಾಲ್ಟ್ ಲೇಕ್ ಸಿಟಿಗೆ ಹೊರಟ ತನ್ನ ಲಾರಿಯಲ್ಲಿ ಕೂರಿಸಿಕೊಂಡ. ದಾರಿ 80ನೆಯ ಅಂತರರಾಜ್ಯ ಹೆದ್ದಾರಿ. ಅದು ವಯೋಮಿಂಗ್ ರಾಜ್ಯದಲ್ಲಿ 8,640 ಅಡಿ ಎತ್ತರದ ಶರ್ಮನ್ ಶಿಖರವನ್ನೇರಿ ಲಾರಮಿ ಎಂಬ ಊರಿಗೆ ಇಳಿಯುತ್ತದೆ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಗಾಳಿ ಮತ್ತು ಹಿಮದ ದೆಸೆಯಿಂದ ಮುಂದಿನ ದಾರಿಯನ್ನು ಮುಚ್ಚಿದ್ದರು. ಲಾರಿ ನಿಲ್ಲುವ ತಾಣಗಳೆಲ್ಲ ತುಂಬಿದ್ದವು. ಊರಂಚಿನ ಒಂದು ಇಳಿಜಾರಿನಲ್ಲಿ ಹೇಗೋ ಜಾಗ ಸಿಕ್ಕಿತು.

ಆ ಲಾರಿಗಳಲ್ಲಿ ಆಸನಗಳ ಹಿಂದೆ ಒಂದು ಪುಟ್ಟ ಮಲಗುವ ಕೋಣೆಯೇ ಇರುತ್ತದೆ. ಒಂದರ ಮೇಲೊಂದು ಎರಡು ಹಾಸಿಗೆ. ಕೆಳಗಿನ ಹಾಸಿಗೆಯಡಿ ಪಾದರಕ್ಷೆಯ ಪೆಟ್ಟಿಗೆಯಷ್ಟು ಗಾತ್ರದ ಹೀಟರು. ಅದು ಲಾರಿಯ ಟ್ಯಾಂಕಿನಿಂದಲೇ ಡೀಸೆಲನ್ನು ಹನಿಹನಿಯಾಗಿ ಹೀರಿ, ತನ್ನೊಳಗೇ ಉರಿಸಿ, ಹೊಗೆಯನ್ನು ನೆಲದಡಿಯ ಕೊಳವೆಯಿಂದ ಹೊರಗಟ್ಟಿ, ಶುದ್ಧವಾದ ಬಿಸಿಗಾಳಿಯನ್ನಷ್ಟೇ ಒಳಗೆ ಊದುತ್ತದೆ. ನಮ್ಮ ಮಲೆನಾಡಿನ ಅಗ್ಗಿಷ್ಟಿಕೆಯ ಸುಧಾರಿಸಿದ ಮೊಮ್ಮಗನೆನ್ನಬಹುದು!

ನಡುರಾತ್ರಿ ಎಚ್ಚರವಾಯಿತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಹೀಟರು ನಿಂತುಹೋಗಿ, ಅದರ ಗುಂಡಿಯ ಬಳಿ ಒಂದು ದೀಪ ಮಿಣುಕುತ್ತಿತ್ತು. ಅಣ್ಣ ಆಗಲೇ ಎದ್ದು ಕುಳಿತಿದ್ದ.

“ಎಂಜಿನ್ ಹಾಕಿದರಾಯಿತಲ್ಲ?” ಎಂದೆ.

“ಅದಕ್ಕೆ ಗಂಟೆಗೆ ಮೂರು ಲೀಟರ್ ಬೇಕು. ಹೀಟರಿಗಾದರೆ ಕಾಲು ಲೀಟರ್ ಸಾಕು. ಟ್ಯಾಂಕಿನಲ್ಲಿ ಕಾಲು ಪಾಲೂ ಉಳಿದಿಲ್ಲ. ದಾರಿ ನಾಳೆ ತೆರೆಯುತ್ತದೋ ನಾಡಿದ್ದೋ!”

“ಹಾಗಾದರೆ ಆ ಗ್ಯಾಸ್ ಒಲೆಯನ್ನಾದರೂ ಹಚ್ಚೋಣ.”

ಅಣ್ಣ ನನ್ನ ಮೇಲೆ ಎಂದೂ ದನಿ ಏರಿಸಿದವನಲ್ಲ. ಅಂದು ಏರಿಸಿದ. “ಹುಚ್ಚಾ! ಮುಚ್ಚಿದ ಗೂಡಿನಲ್ಲಿ ಒಲೆ ಹಚ್ಚಿ ಮಲಗಿದವರು ಏಳುವುದಿಲ್ಲ. ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ.”

ಅವನು ಅವಸರಪಡಲಿಲ್ಲ. ಮೊದಲು ಬ್ಯಾಟರಿ ನೋಡಿದ: ಹನ್ನೆರಡೂವರೆ ವೋಲ್ಟ್. ಹತ್ತೂವರೆಗಿಂತ ಇಳಿದರೆ ಹೀಟರು ತಾನಾಗಿಯೇ ನಿಲ್ಲುವುದಂತೆ. ಇಲ್ಲಿ ಆ ದೋಷವಿಲ್ಲ. ಫ್ಯೂಸು ಸರಿಯಿತ್ತು. ಟಾರ್ಚು ಹಿಡಿದು ಕೆಳಗಿಳಿದು, ಗಾಳಿ ಹೀರುವ ಮತ್ತು ಹೊಗೆ ಬಿಡುವ ಎರಡು ಕೊಳವೆಗಳ ಬಾಯಿಯಿಂದಲೂ ಹಿಮ ಕೆರೆದ. ಮತ್ತೆ ಗುಂಡಿ ಒತ್ತಿಸಿ, ಟ್ಯಾಂಕಿನ ಪಕ್ಕದಲ್ಲಿ ಮಂಡಿಯೂರಿ, “ಕೇಳು” ಎಂದ.

ಮೊದಲು ಫ್ಯಾನಿನ ಸದ್ದು. ಒಳಗಿನ ಗ್ಲೋ ಪ್ಲಗ್ ಕೆಂಪಗಾಗುವಷ್ಟು ಹೊತ್ತು ಬಿಡುವು. ಬಳಿಕ ಪಂಪಿನ ‘ಟಿಕ್, ಟಿಕ್’.

“ಪಂಪು ಬಡಿಯುತ್ತಿದೆ, ಆದರೆ ಹೊಗೆಯಿಲ್ಲ. ಎಣ್ಣೆ ಬಂದು ಹೊತ್ತದಿದ್ದರೆ ಬಿಳಿಯ ಹೊಗೆ ಏಳಬೇಕಿತ್ತು. ಅಂದರೆ ಎಣ್ಣೆಯೇ ಬರುತ್ತಿಲ್ಲ.”

“ಚಳಿಗೆ ಡೀಸೆಲ್ ಹೆಪ್ಪುಗಟ್ಟಿರಬಹುದೇ?”

“ಮೇಣ ಕಟ್ಟದಂತೆ ಮದ್ದು ಹಾಕಿದ್ದೇನೆ. ಹಾಗೇನಾದರೂ ಆಗಿದ್ದರೆ ಎಂಜಿನ್ನೂ ತಕರಾರು ಮಾಡುತ್ತಿತ್ತು.” ಅವನು ಇಳಿಜಾರನ್ನೊಮ್ಮೆ, ಟ್ಯಾಂಕನ್ನೊಮ್ಮೆ ನೋಡಿ ನಕ್ಕುಬಿಟ್ಟ. “ತಪ್ಪು ನನ್ನದೇ, ತಮ್ಮಾ. ಹೀಟರಿನ ಕೊಳವೆಯನ್ನು ಟ್ಯಾಂಕಿನ ತಳದವರೆಗೆ ಇಳಿಬಿಟ್ಟಿರುವುದಿಲ್ಲ. ಬೇಕೆಂದೇ ಗಿಡ್ಡ ಮಾಡಿರುತ್ತಾರೆ. ಮಲಗಿದವನ ಮೈ ಬೆಚ್ಚಗಾಗಲೆಂದು ಇದ್ದಬದ್ದ ಎಣ್ಣೆಯೆಲ್ಲ ತೀರಿಹೋದರೆ ಬೆಳಿಗ್ಗೆ ಲಾರಿ ಹೊರಡುವುದು ಹೇಗೆ? ಈಗ ಎಣ್ಣೆ ಕಡಿಮೆ, ಮೇಲಾಗಿ ಇಳಿಜಾರು. ಕೊಳವೆ ಗಾಳಿ ಹೀರುತ್ತಿದೆ.”

ಲಾರಿಯನ್ನು ನೂರು ಗಜ ಮುಂದೆ ಸಮನೆಲಕ್ಕೆ ಒಯ್ದ. ಹಲವು ಬಾರಿ ಸೋತ ಹೀಟರು ತನಗೆ ತಾನೇ ಬೀಗ ಹಾಕಿಕೊಂಡಿತ್ತು, ಅದನ್ನು ಬಿಡಿಸಿದ. ಎರಡು ಸಲ ಹೊತ್ತಲಿಲ್ಲ. ಕೊಳವೆಯಲ್ಲಿದ್ದ ಗಾಳಿ ಹೊರಹೋಗಬೇಕಲ್ಲ. ಮೂರನೆಯ ಸಲ ಬಿಳಿಯ ಹೊಗೆ ಎದ್ದಿತು, ಅಡಗಿತು. ಒಳಗೆ ಗುಂಯ್ ಎಂಬ ನಾದ ಹುಟ್ಟಿತು. ಕೋಣೆ ಬೆಚ್ಚಗಾದ ಮೇಲೂ ಕೆಲಹೊತ್ತು ಉರಿಯನ್ನು ಜೋರಾಗಿಯೇ ಇಟ್ಟ. ಎತ್ತರದ ಊರಿನ ತೆಳುಗಾಳಿಯಲ್ಲಿ ಸಣ್ಣ ಉರಿಯಿಟ್ಟರೆ ಒಳಗೆ ಮಸಿ ಕಟ್ಟುವುದಂತೆ.

ಅಣ್ಣ ಮಲಗಿದೊಡನೆ ನಿದ್ದೆ ಹೋದ. ನನಗೆ ಬರಲಿಲ್ಲ. ಅವನ ಕೋಟೂ ಕಂಬಳಿಯೂ ನನ್ನ ಮೈಮೇಲಿದ್ದವು. ಯಾವಾಗ ಹೊದಿಸಿದ್ದನೋ ತಿಳಿಯದು. ಅಮ್ಮನ ಔಷಧ, ತಂಗಿಯ ಮದುವೆ, ನನ್ನ ಹಾಸ್ಟೆಲ್ಲಿನ ಖರ್ಚು, ಇವೆಲ್ಲ ಒಂದೊಂದಾಗಿ ನೆನಪಾದವು. ನಮ್ಮ ಮನೆಯ ಟ್ಯಾಂಕಿನಲ್ಲಿ ಅಣ್ಣ ತನ್ನ ಕೊಳವೆಯನ್ನು ಎಂದೂ ಗಿಡ್ಡವಾಗಿಯೇ ಇಟ್ಟುಕೊಂಡವನು; ತಳದವರೆಗೆ ಇಳಿಬಿಟ್ಟವನು ನಾನು. ಇಷ್ಟಾಗಿ ಅವನ ಕಸುಬಿನ ಹೆಸರು ಹೇಳಲು ನನಗೆ ನಾಚಿಕೆ!

ಮರುದಿನ ಮಧ್ಯಾಹ್ನ ದಾರಿ ತೆರೆಯಿತು. ಅಣ್ಣ ಮೊದಲು ಟ್ಯಾಂಕು ತುಂಬಿಸಿದ.

ಊರಿಗೆ ಮರಳಿ ಕಾಲೇಜಿಗೆ ಹೋದಾಗ ಹಿರಿಯ ಅಧ್ಯಾಪಕರೊಬ್ಬರು, “ನಿಮ್ಮ ಅಣ್ಣನವರು ಅಲ್ಲಿ ಯಾವ ಉದ್ಯೋಗದಲ್ಲಿದ್ದಾರೆ?” ಎಂದು ಕೇಳಿದರು.

“ಲಾರಿ ಡ್ರೈವರು” ಎಂದೆ. ಅವರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, “ಹೌದೇ? ಅಂಥ ಚಳಿಯಲ್ಲಿ ರಾತ್ರಿ ಎಲ್ಲಿ ಮಲಗುತ್ತಾರೆ?” ಎಂದರು. ನಾನು ಈ ಕಥೆಯನ್ನೆಲ್ಲ ಹೇಳಿದೆ.