ರೇಷ್ಮೆಯ ಮಣಿಸರ

ಮಕ್ಕಳೇ, ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಗೆ ಕನಕಪುರ, ಚನ್ನಪಟ್ಟಣ, ಮಾಗಡಿ ಕಡೆಯ ರೈತರು ರೇಷ್ಮೆಗೂಡು ತರುತ್ತಾರಲ್ಲ, ಆ ನೂಲಿನ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳು ಇಪ್ಪತ್ತು ಬಗೆ. ಯಾವ ಮಣಿಯ ಪಕ್ಕ ಯಾವುದು ಎಂಬುದರಲ್ಲೇ ಅದರ ಗುಣವೆಲ್ಲ ಇದೆ.

“ತಾತ, ಕಣ್ಣಿಗೆ ಕಾಣದ ಸರವನ್ನ ಓದೋದು ಹೇಗೆ?” ಎಂದು ಮೊಮ್ಮಗಳು ಕೇಳಿದಳು. ಬಿ.ಕಾಂ. ಓದಿದ ನನಗೆ ನೆನಪಾದದ್ದು ಬ್ಯಾಂಕಿನ ಹಳೆಯ ಲೆಡ್ಜರು. ಹೊಲಿಗೆ ಬಿಚ್ಚಿ ಹಾಳೆಗಳು ಚೆಲ್ಲಾಪಿಲ್ಲಿಯಾದರೂ ನಾವು ಹೆದರುತ್ತಿರಲಿಲ್ಲ. ಒಂದು ಪುಟದ ಕೊನೆಯ ಬಾಕಿಯೇ ಮುಂದಿನ ಪುಟದ ಮೊದಲ ಸಾಲು. ಅದನ್ನು ಹಿಡಿದು ಜೋಡಿಸುತ್ತಿದ್ದೆವು.

ಪ್ರೋಟೀನಿನ ತುಂಡುಗಳಲ್ಲಿ ಹಾಗೆ ಬಾಕಿ ಬರೆದಿರುವುದಿಲ್ಲ. ಅದಕ್ಕೇ ಒಂದೇ ಬಗೆಯ ಸರವನ್ನು ಎರಡು ರೀತಿಯಲ್ಲಿ ತುಂಡು ಮಾಡುತ್ತಾರೆ. ಒಂದು ಸಾಲನ್ನು ಎರಡು ಚೀಟಿಗಳಲ್ಲಿ ಬರೆದು ಕತ್ತರಿಸಿದೆವು ಎನ್ನಿ. ಮೊದಲ ಚೀಟಿಯ ತುಂಡುಗಳು ‘ನಗರ’, ‘ದರೇಷ್ಮೆ’, ‘ರಾಮ’. ಎರಡನೆಯದರವು ‘ರದರೇಷ್ಮೆ’, ‘ರಾ’, ‘ಮನಗ’. ‘ಮ’ ಆದಮೇಲೆ ‘ನಗ’ ಬರಬೇಕೆಂದು ‘ಮನಗ’ ಹೇಳುತ್ತದೆ. ಹಾಗಾಗಿ ‘ರಾಮ’ದ ಪಕ್ಕ ‘ನಗರ’. ಮುಂದಿನದನ್ನು ನೀವೇ ಜೋಡಿಸಿ.

ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಫ್ರೆಡರಿಕ್ ಸ್ಯಾಂಗರ್ ಹೀಗೆ ದನದ ಇನ್ಸುಲಿನ್ನನ್ನು ಆಮ್ಲದಿಂದ, ಕಿಣ್ವಗಳಿಂದ ಒಡೆದರು. ತುಂಡಿನ ತುದಿಯ ಮಣಿಗೆ ಹಳದಿ ಬಣ್ಣ ಅಂಟಿಸಿ ಗುರುತಿಸಿದರು. ಹತ್ತು ವರ್ಷಕ್ಕೂ ಮಿಕ್ಕಿ ದುಡಿದು, 1955ರ ಹೊತ್ತಿಗೆ ಎರಡು ಎಳೆಗಳ 51 ಮಣಿಗಳನ್ನೂ ಓದಿ ಮುಗಿಸಿದರು. 1958ರಲ್ಲಿ ನೊಬೆಲ್ ಬಂತು. ಮನುಷ್ಯರ ಇನ್ಸುಲಿನ್ ದನದ್ದಕ್ಕಿಂತ ಮೂರೇ ಮಣಿ ಬೇರೆ. ಆ ಸಾಲು ಗೊತ್ತಿರುವುದರಿಂದ ಈಗ ಅದನ್ನು ಸೂಕ್ಷ್ಮಜೀವಿಗಳಿಂದಲೇ ತಯಾರಿಸುತ್ತಾರೆ. ಸಕ್ಕರೆ ಕಾಯಿಲೆಯ ನಾನು ದಿನಾ ಬೆಳಿಗ್ಗೆ ಚುಚ್ಚಿಕೊಂಡು ನಿಮ್ಮೊಡನೆ ಮಾತಾಡುತ್ತಿರುವುದು ಆ 51 ಮಣಿಗಳ ದಯೆಯಿಂದ.

ಆದರೆ ನಮ್ಮೂರ ರೇಷ್ಮೆ ಈ ಉಪಾಯಕ್ಕೆ ಬಗ್ಗುವಂಥದ್ದಲ್ಲ. ಅದರಲ್ಲಿ ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್ ಎಂಬ ಆರು ಮಣಿಗಳ ಪಲ್ಲವಿ ನೂರಾರು ಸಲ ಬರುತ್ತದೆ. ಪುಟಪುಟಕ್ಕೂ ಒಂದೇ ಬಾಕಿ ಇರುವ ಲೆಡ್ಜರಿನ ಹಾಗೆ! ಯಾವ ತುಂಡು ಎಲ್ಲಿಯದೆಂದು ಹೇಳುವುದು ಹೇಗೆ? ಕೊನೆಗೆ 2000ದಲ್ಲಿ ಹುಳುವಿನ ವಂಶವಾಹಿಯನ್ನೇ ಓದಿ, ಫೈಬ್ರಾಯಿನ್‌ನ ಉದ್ದನೆಯ ಎಳೆಯಲ್ಲಿರುವ 5,263 ಮಣಿಗಳ ಸಾಲನ್ನು ತಿಳಿದರು.

ಓದುವವರನ್ನು ಕಾಡಿದ ಆ ಪಲ್ಲವಿಯೇ ರೇಷ್ಮೆಯ ಬಲ. ಮಣಿಗಳು ಪುಟ್ಟವಾದ್ದರಿಂದ ಸರಗಳು ಒತ್ತೊತ್ತಾಗಿ ಅಂಟಿ ಕೂರುತ್ತವೆ, ನೂಲು ಗಟ್ಟಿಯಾಗುತ್ತದೆ.

ಇಂದು ಸಂಜೆ ಅಜ್ಜ ಅಜ್ಜಿಯ ಹೆಸರನ್ನು ಎರಡು ಚೀಟಿಗಳಲ್ಲಿ ಬರೆದು, ಎರಡು ರೀತಿ ಕತ್ತರಿಸಿ ಜೋಡಿಸಿ. ಆಮೇಲೆ ‘ಕಾಕಾಕಾಕಾಕಾ’ ಎಂದು ಬರೆದು ಕತ್ತರಿಸಿ ನೋಡಿ. ರೇಷ್ಮೆ ಎಷ್ಟು ಸತಾಯಿಸಿತೆಂದು ತಿಳಿಯುತ್ತದೆ.